ಆಟ ಇರಲಿ, ಮಿಂಚು ತಗ್ಗಲಿ

ದೀಪಾವಳಿ ರಜೆಗೆ ನ್ಯಾಮತಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ದೊಡ್ಡವರೆಲ್ಲ ಹೊರಗೆ ಕಟ್ಟೆಯ ಮೇಲೆ ಮಾತಿಗೆ ಕೂತಿದ್ದರು. ಒಂಬತ್ತನೇ ತರಗತಿ ಓದುವ ತಮ್ಮ ಮಾತ್ರ ಒಳಗಿನ ಕೋಣೆಯಲ್ಲಿ ಲೈಟ್ ಆರಿಸಿ, ಮೊಬೈಲಿನಲ್ಲಿ ಶೂಟಿಂಗ್ ಗೇಮ್ ಆಡುತ್ತಿದ್ದ. ಇದ್ದಕ್ಕಿದ್ದಂತೆ ಏನೋ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಅವನ ಕೈಕಾಲು ಸೆಟೆದುಕೊಂಡು ಅದುರುತ್ತಿದ್ದವು. ಪಕ್ಕದಲ್ಲಿ ಬಿದ್ದಿದ್ದ ಮೊಬೈಲು ಇನ್ನೂ ಪಳಪಳ ಎಂದು ಬಿಳಿ, ಕೆಂಪು ಬೆಳಕು ಮಿನುಗಿಸುತ್ತಲೇ ಇತ್ತು.

ಅಜ್ಜಿ ಓಡಿ ಬಂದು ಅವನ ಮುಷ್ಟಿಯೊಳಗೆ ಬೀಗದ ಕೈ ತುರುಕಿದರು. ಯಾರೋ ಈರುಳ್ಳಿ ತನ್ನಿ ಎಂದರು. ಎರಡು ನಿಮಿಷದಲ್ಲಿ ತಾನಾಗಿಯೇ ನಿಂತಿತು. ಆದರೆ ಮಾತು ನಿಲ್ಲಲಿಲ್ಲ. ‘ಮೊಬೈಲ್ ಹುಚ್ಚಿಗೆ ಇದೇ ಆಗೋದು’ ಎಂದರು ಒಬ್ಬರು. ‘ದೃಷ್ಟಿ ಆಗೈತೆ, ಯಂತ್ರ ಕಟ್ಟಿಸಿ’ ಎಂದರು ಇನ್ನೊಬ್ಬರು. ಮರುದಿನ ದಾವಣಗೆರೆಯಲ್ಲಿ ವೈದ್ಯರು ಇಇಜಿ ಮಾಡಿಸಿದರು. ಪರೀಕ್ಷೆಯಲ್ಲಿ ಕಣ್ಣ ಮುಂದೆ ಬೆಳಕು ಮಿನುಗಿಸಿದಾಗ ಕಾರಣ ತಿಳಿಯಿತು. ಮಿನುಗುವ ಬೆಳಕಿಗೆ ಮೂರ್ಛೆ ಬರುವ ಸ್ವಭಾವ ಅವನ ಮಿದುಳಿನಲ್ಲಿದೆ. ಮಾತ್ರೆ ಬರೆದುಕೊಟ್ಟರು. ಆಸ್ಪತ್ರೆಯಿಂದ ಹೊರಗೆ ಬಂದಾಗ ಅವನು ಮೆಲ್ಲಗೆ ಕೇಳಿದ, ‘ಅಕ್ಕಾ, ನಾನಿನ್ನು ಗೇಮ್ ಆಡಂಗೇ ಇಲ್ವಾ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ನನ್ನ ವಯಸ್ಸಿನವರ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು.

ಮೂರ್ಛೆ ರೋಗ ಇರುವ ನೂರು ಜನರಲ್ಲಿ ಸುಮಾರು 3 ಮಂದಿಗೆ ಬೆಳಕಿನ ಮಿನುಗು ಮೂರ್ಛೆ ತರಿಸಬಹುದು. ದೊಡ್ಡವರಿಗಿಂತ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಹೆಚ್ಚು. ಅಂಥ ಸ್ವಭಾವ ಇದೆ ಎಂಬುದು ಮೊದಲ ಸಲ ಮೂರ್ಛೆ ಬರುವವರೆಗೆ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು, ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಅದಲುಬದಲಾಗಿ ಮಿನುಗಿದ್ದು ಕೆಲವೇ ಸೆಕೆಂಡು. ಆ ಸಂಜೆ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಆ ಧಾರಾವಾಹಿಯೇ ನಾಲ್ಕು ತಿಂಗಳು ನಿಂತಿತು. ಆಮೇಲೆ ಜಪಾನಿನ ಟಿ.ವಿ. ವಾಹಿನಿಗಳು ಮಿನುಗಿಗೆ ನಿಯಮ ಮಾಡಿಕೊಂಡವು. ಪೋಕೆಮಾನ್ ನಿಲ್ಲಲಿಲ್ಲ, ಆ ಮಿನುಗು ನಿಂತಿತು.

ನಮ್ಮ ಮನೆಯವರಿಗೆ ಇದನ್ನು ಅರ್ಥ ಮಾಡಿಸಲು ನನಗೆ ನೆರವಾಗಿದ್ದು ಬಿಸಿನೀರಿನ ಮೂರ್ಛೆ. ತಲೆಗೆ ಬಿಸಿ ಬಿಸಿ ನೀರು ಹುಯ್ದುಕೊಂಡಾಗ ಕೆಲವರಿಗೆ ಬರುವ ಈ ಮೂರ್ಛೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಅಂಥವರಿಗೆ ಸ್ನಾನವನ್ನೇ ಬಿಡು ಎಂದು ಯಾರಾದರೂ ಹೇಳುತ್ತಾರೆಯೇ? ಇಲ್ಲ. ನೀರಿನ ಬಿಸಿ ತಗ್ಗಿಸು, ತಲೆಗೆ ಒಮ್ಮೆಲೇ ಸುರಿದುಕೊಳ್ಳಬೇಡ ಎನ್ನುತ್ತಾರೆ. ಬೇಕಿದ್ದರೆ ಔಷಧ ಕೊಡುತ್ತಾರೆ. ಆಟಕ್ಕೂ ಇದೇ ನ್ಯಾಯ ಸಾಕು.

ಮಿನುಗಿನ ಬಿಸಿ ತಗ್ಗಿಸುವುದು ಹೇಗೆ? ಇದಕ್ಕೆ ಲೆಕ್ಕ ಆಗಲೇ ಇದೆ. ಅಂತರ್ಜಾಲ ಪುಟಗಳಿಗಾಗಿ 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಪರದೆಯ ಯಾವ ಭಾಗವೂ ಒಂದು ಸೆಕೆಂಡಿನಲ್ಲಿ 3ಕ್ಕಿಂತ ಹೆಚ್ಚು ಸಲ ಮಿನುಗಬಾರದು. ಗಾಢ ಕೆಂಪು ಮಿನುಗು ಇನ್ನೂ ಅಪಾಯ. ಮಿನುಗು ಪರದೆಯ ಸಣ್ಣ ಮೂಲೆಯಲ್ಲಿದ್ದರೆ ತೊಂದರೆ ಕಡಿಮೆ, ಇಡೀ ಪರದೆ ತುಂಬಿದರೆ ಹೆಚ್ಚು. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಆಟ ಬಂದಾಗ, ಅದರ ವಿಮರ್ಶೆಗೆ ಆಡುತ್ತಿದ್ದ ಅಮೆರಿಕದ ಪತ್ರಕರ್ತೆಯೊಬ್ಬರಿಗೆ ಮೂರ್ಛೆ ಬಂತು. ಅವರು ಬರೆದ ಕೆಲವೇ ದಿನಗಳಲ್ಲಿ ಕಂಪನಿ ಅಪ್‌ಡೇಟ್ ಕಳಿಸಿ ಆ ಮಿನುಗನ್ನು ತಗ್ಗಿಸಿತು. ಅಂದರೆ ಮನಸ್ಸು ಮಾಡಿದರೆ ಇದು ದಿನಗಳ ಕೆಲಸ.

ಇಷ್ಟೆಲ್ಲ ಓದಿದ ಮೇಲೆ ನನ್ನದೇ ಲ್ಯಾಪ್‌ಟಾಪ್ ತೆರೆದೆ. ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾನೂ ಒಂದು ಸಣ್ಣ ಗೇಮ್ ಮಾಡಿದ್ದೆ. ಬಾಂಬ್ ಸಿಡಿದಾಗ ಇಡೀ ಪರದೆ ಒಂದು ಸೆಕೆಂಡಿನಲ್ಲಿ ಎಂಟು ಸಲ ಬೆಳ್ಳಗೆ ಮಿನುಗುವಂತೆ ಕೋಡ್ ಬರೆದಿದ್ದೆ. ಡೆಮೊ ದಿನ ತರಗತಿಯವರೆಲ್ಲ ಚಪ್ಪಾಳೆ ಹೊಡೆದಿದ್ದರು. ಆ ಸಾಲುಗಳನ್ನು ಮತ್ತೆ ಓದಿದಾಗ ಕೈ ತಣ್ಣಗಾಯಿತು. ತಮ್ಮನನ್ನು ಬೀಳಿಸಿದ ಆಟ ಯಾರೋ ದೂರದವರು ಮಾಡಿದ್ದು ಎಂದು ನಾನು ಬೈದುಕೊಳ್ಳುತ್ತಿದ್ದೆ. ಅಂಥದ್ದನ್ನೇ ನಾನೂ ಮಾಡಿದ್ದೆ, ಗೊತ್ತಿಲ್ಲದೆ. ನಮಗೆ ಸಾಲು ಸಾಲು ಅಲ್ಗಾರಿದಮ್ ಕಲಿಸುತ್ತಾರೆ. ಪರದೆಯ ಆಚೆ ಕೂತವರ ಕಣ್ಣು, ಮಿದುಳಿನ ಬಗ್ಗೆ ಒಂದು ಪಾಠವೂ ಇರಲಿಲ್ಲ.

ನಮ್ಮ ಕಡೆ ಈ ಅಪಾಯ ಹೆಚ್ಚಿಸುವ ಸಂಗತಿಗಳೂ ಇವೆ. ಜಗಳೂರಿನ ಸಹಪಾಠಿ ಹೇಳಿದ: ಅವರ ಹೊಲದ ಬೋರ್‌ವೆಲ್‌ಗೆ ತ್ರೀಫೇಸ್ ಕರೆಂಟ್ ಬರುವುದು ಎಷ್ಟೋ ದಿನ ರಾತ್ರಿ. ಕರೆಂಟಿಗೆ ಕಾಯುತ್ತಾ ಮೋಟಾರ್ ಶೆಡ್ಡಿನ ಕತ್ತಲಲ್ಲಿ ಕೂತು ಅವನೂ ಅವನ ತಮ್ಮನೂ ಗೇಮ್ ಆಡುತ್ತಾರೆ. ಚನ್ನಗಿರಿ ಕಡೆಯ ನಮ್ಮೂರಿನಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ದೊಡ್ಡವರು ಸರಿರಾತ್ರಿವರೆಗೆ ಅಡಿಕೆ ಸುಲಿಯುತ್ತಾರೆ, ಮಕ್ಕಳ ಕೈಗೆ ಮೊಬೈಲ್ ಬರುತ್ತದೆ. ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಗೆಳತಿ ಬಿಸಿಲಿಗೆ ಬ್ರೈಟ್‌ನೆಸ್ ಪೂರ್ತಿ ಏರಿಸುತ್ತಾಳೆ, ರಾತ್ರಿ ಇಳಿಸಲು ಮರೆಯುತ್ತಾಳೆ. ಕತ್ತಲ ಕೋಣೆ, ಪೂರ್ತಿ ಬೆಳಕಿನ ಪರದೆ, ನಿದ್ದೆಗೆಟ್ಟ ಮೈ ಮೂರೂ ಸೇರಿದರೆ ಇಂಥ ಮಿದುಳಿಗೆ ಅಪಾಯ ಹೆಚ್ಚು.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಇ–ಸ್ಪೋರ್ಟ್ಸ್‌ಗೆ ಪ್ರೋತ್ಸಾಹದ ಮಾತನ್ನೂ ಆಡಿತು. ಜೇಬಿನ ಬಗ್ಗೆ ಯೋಚಿಸಿದ ಹಾಗೆಯೇ ಮಕ್ಕಳ ಮಿದುಳಿನ ಬಗ್ಗೆಯೂ ಯೋಚಿಸಬೇಕು. ನನ್ನ ಬೇಡಿಕೆ ದೊಡ್ಡದಲ್ಲ. ‘ಮಿನುಗು ತಗ್ಗಿಸು’ ಎಂಬ ಆಯ್ಕೆ ಪ್ರತಿ ಆಟದಲ್ಲೂ ಇರಲಿ. ಅದು ಸೆಟ್ಟಿಂಗ್ಸಿನ ಏಳನೇ ಪುಟದಲ್ಲಿ ಬಚ್ಚಿಟ್ಟುಕೊಳ್ಳದೆ ಆಟ ತೆರೆದ ಕೂಡಲೇ, ಕನ್ನಡದಲ್ಲೂ, ಕಾಣಲಿ. ಮೊದಲಿನಿಂದಲೇ ಆನ್ ಆಗಿರಲಿ, ಬೇಡವಾದವರು ಆಫ್ ಮಾಡಿಕೊಳ್ಳಲಿ. ಇಂಥ ಸೂಚನೆ ಕೊಟ್ಟರೆ ಆಟದ ಮಜಾ ಹೋಗುತ್ತದೆ ಎನ್ನುವವರಿದ್ದಾರೆ. ಮಜಾ ಬೇಕಾದವರಿಗೆ ಒಂದು ಬಟನ್ ಒತ್ತುವ ಕಷ್ಟ. ಗೊತ್ತಿಲ್ಲದೆ ಆಡುವ ಹುಡುಗನಿಗೆ ಕಷ್ಟ ಅದಕ್ಕಿಂತ ಎಷ್ಟೋ ದೊಡ್ಡದು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಲೈಟ್ ಹಾಕಿಕೊಂಡು ಆಡಿ, ಬ್ರೈಟ್‌ನೆಸ್ ಇಳಿಸಿ, ಫೋನನ್ನು ಮುಖದಿಂದ ದೂರ ಹಿಡಿಯಿರಿ. ಮಿನುಗು ಕಿರಿಕಿರಿ ಎನಿಸಿದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ತಿರುಗಿಸಿ. ಯಾರಿಗಾದರೂ ಫಿಟ್ಸ್ ಬಂದರೆ ಬೀಗದ ಕೈ, ಈರುಳ್ಳಿ ಯಾವುದೂ ಬೇಡ. ಬಾಯಿಗೆ ಏನೂ ಇಡಬೇಡಿ, ಅದುಮಿ ಹಿಡಿಯಬೇಡಿ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಅದುರುವುದು ನಿಂತ ಮೇಲೆ ಪಕ್ಕಕ್ಕೆ ಮಲಗಿಸಿ. 5 ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ನನ್ನ ಗೇಮಿನ ಎಂಟು ಮಿಂಚನ್ನು ತೆಗೆದು, ನಿಧಾನವಾಗಿ ಕರಗುವ ಒಂದೇ ಒಂದು ಮಂದ ಬೆಳಕು ಇಟ್ಟೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ವೈದ್ಯರನ್ನು ಕೇಳಿ, ಅವರು ಒಪ್ಪಿದ ಮೇಲೆ, ಸಂಕ್ರಾಂತಿಗೆ ಹೋದಾಗ ಲೈಟ್ ಹಾಕಿದ ಪಡಸಾಲೆಯಲ್ಲಿ ಚಿಕ್ಕಮ್ಮನ ಎದುರೇ ತಮ್ಮ ಆಡಿದ. ಮುಗಿಸಿದ ಮೇಲೆ ಮುಖ ಸಿಂಡರಿಸಿ ಹೇಳಿದ, ‘ಅಕ್ಕಾ, ಬಾಂಬ್ ಯಾಕೋ ಸಪ್ಪೆ ಆತು.’ ಬಾಂಬಿನ ಸದ್ದು ಸ್ವಲ್ಪ ಜೋರು ಮಾಡಿಕೊಟ್ಟಿದ್ದೇನೆ.