ಜೀರ್ಣೋದ್ಧಾರವೆಂಬ ಮಾತಿನ ಬೆಲೆ

ಇಂಗ್ಲೆಂಡಿನಲ್ಲಿ ತೆರೆದ ಹಳೆಯ ಕಾರುಗಳ ಮಾರಾಟಕ್ಕೆ ವಸಂತವೇ ಸುಗ್ಗಿ. ಚಳಿಗಾಲವೆಲ್ಲ ಮುಸುಕು ಹೊದ್ದು ಮನೆಯ ಮಗ್ಗುಲಿನ ಗ್ಯಾರೇಜಿನಲ್ಲಿ ಮಲಗಿದ್ದ ಗಾಡಿಯು, ನಾಲ್ಕು ದಿನ ಬಿಸಿಲು ಬಿದ್ದೊಡನೆ ಮೈ ತೊಳೆದುಕೊಂಡು, ಮಡಿಚುವ ಛಾವಣಿಯನ್ನು ಹಿಂದಕ್ಕೆ ಸರಿಸಿಕೊಂಡು, ಹೊಸ ಯಜಮಾನನನ್ನು ಅರಸುತ್ತ ಅಂಗಳಕ್ಕೆ ಬಂದು ನಿಲ್ಲುತ್ತದೆ. ಕಡುಗೆಂಪು ಬಣ್ಣ, ಮುಖ ನೋಡಿಕೊಳ್ಳಬಹುದಾದಂಥ ಕ್ರೋಮಿಯಂ ಬಂಪರು, ತಂತಿಕಡ್ಡಿಗಳ ಚಕ್ರ, ಮೂತಿಯ ಮೇಲೆ ಎಂಟು ಮೂಲೆಯ ಎಂ.ಜಿ. ಲಾಂಛನ, ಜತೆಗೊಂದು ಒಕ್ಕಣೆ: ‘ಸಂಪೂರ್ಣ ಜೀರ್ಣೋದ್ಧಾರಗೊಂಡಿದೆ, ಮಾರಾಟಕ್ಕಿದೆ.’ ಇದರಲ್ಲಿ ಮಾರಾಟಕ್ಕಿದೆಯೆಂಬ ಮಾತೊಂದೇ ನಿಸ್ಸಂದೇಹವಾದುದು. ಮೊದಲ ಮಾತಿನ ಅರ್ಥವನ್ನು ಮಾರುವವನ ಬಾಯಿಂದಲೇ ಬಿಡಿಸಿ ಬಿಡಿಸಿ ಕೇಳಿ ತಿಳಿಯಬೇಕು.

ನಾನು ಹೇಳಹೊರಟಿರುವುದು ಎಂ.ಜಿ.ಬಿ. ಎಂಬ ಗಾಡಿಯ ವಿಚಾರ. 1962ರಿಂದ 1980ರವರೆಗೆ, ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಕಾರ್ಖಾನೆಯಲ್ಲಿ, ಗಟ್ಟಿ ಛಾವಣಿಯ ಮಾದರಿಯೂ ಸೇರಿದಂತೆ ಐದು ಲಕ್ಷಕ್ಕೂ ಮಿಗಿಲಾಗಿ ಇವು ತಯಾರಾದವು. ಬಹುಪಾಲು ಅಟ್ಲಾಂಟಿಕ್ ದಾಟಿ ಅಮೆರಿಕೆಯನ್ನು ಸೇರಿದವು. ಕುಬೇರರ ವಾಹನವಲ್ಲ ಇದು. ಇದರ 1798 ಸಿ.ಸಿ. ಎಂಜಿನಿನ ವಂಶದವೇ ಆ ಕಾಲದ ಸಂಸಾರಸ್ಥರ ಕಾರುಗಳನ್ನೂ ಎಳೆಯುತ್ತಿದ್ದವು. ಅಮೆರಿಕೆಯ ಸುರಕ್ಷತಾ ನಿಯಮಗಳಿಗೆ ತಲೆಬಾಗಿ 1974ರಲ್ಲಿ ಇದಕ್ಕೆ ಕರಿಯ ರಬ್ಬರಿನ ದಪ್ಪ ಬಂಪರನ್ನು ತೊಡಿಸಿ, ನೆಲದಿಂದ ಮೈಯನ್ನು ಒಂದಿಷ್ಟು ಮೇಲೆತ್ತಿದರು. ತಿರುವಿನಲ್ಲಿ ಓಲಾಡತೊಡಗಿದ ಗಾಡಿಯನ್ನು ಕಂಡು ಅಭಿಮಾನಿಗಳು ಪಟ್ಟ ವ್ಯಥೆ ಇಂದಿಗೂ ಆರಿಲ್ಲ. ಹೀಗಾಗಿ ಆ ಕಡೆಯ ವರ್ಷಗಳ ಎಷ್ಟೋ ಕಾರುಗಳು ‘ಜೀರ್ಣೋದ್ಧಾರ’ದ ಸಮಯದಲ್ಲಿ ರಬ್ಬರನ್ನು ಕಳಚಿ ಕ್ರೋಮಿಯಂ ತೊಟ್ಟು, ತಾವು ಹುಟ್ಟಿದ ಕಾಲವನ್ನೇ ಮರೆಮಾಚಿಕೊಂಡಿವೆ. ನೋಡಲು ಚೆಲುವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತಲೆಗೆ ಬಣ್ಣ ಹಚ್ಚಿಕೊಂಡವನನ್ನು ಕಾಯಕಲ್ಪ ಪಡೆದವನೆಂದು ಯಾರೂ ಕರೆಯುವುದಿಲ್ಲ.

ಈ ಗಾಡಿಗೆ ಬೇರೆ ಚಾಸಿಯಿಲ್ಲ. ಮೈಯೇ ಅದರ ಅಸ್ಥಿಪಂಜರ. ತಲೆಯ ಮೇಲೆ ಛಾವಣಿಯಿಲ್ಲದ ಕಾರಣ, ಮುಂಭಾಗವನ್ನೂ ಹಿಂಭಾಗವನ್ನೂ ಒಂದಾಗಿ ಬಿಗಿಹಿಡಿಯುವ ಹೊಣೆ ಮುಖ್ಯವಾಗಿ ಬಾಗಿಲುಗಳ ಕೆಳಗೆ ಎರಡು ಮಗ್ಗುಲಲ್ಲೂ ಹಾಯ್ದಿರುವ, ಒಳಗೆ ಟೊಳ್ಳಾದ ತಗಡಿನ ಹೊಸ್ತಿಲುಗಳದು. ಮಂಜುಗಟ್ಟದಿರಲೆಂದು ಆ ದೇಶದ ರಸ್ತೆಗಳಿಗೆ ಎರಚುವ ಉಪ್ಪು, ನೀರಿನೊಡನೆ ಈ ಟೊಳ್ಳನ್ನು ಹೊಕ್ಕು, ವರ್ಷಗಟ್ಟಲೆ ಅಲ್ಲಿಯೇ ಬೀಡುಬಿಟ್ಟು, ತಗಡನ್ನು ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣದ ಮೇಲೊಂದು ಗುಳ್ಳೆ ಕಾಣಿಸುವ ವೇಳೆಗೆ ಒಳಗಿನ ಪದರವು ಹಪ್ಪಳವಾಗಿರುತ್ತದೆ. ಬಲ್ಲವನು ಇಂಥ ಕಾರನ್ನು ನೋಡಹೋದರೆ, ಎಂಜಿನಿನ ಸದ್ದಿಗೆ ಕಿವಿಗೊಡುವ ಮುನ್ನ ಮಂಡಿಯೂರಿ, ಜೇಬಿನಿಂದ ಅಯಸ್ಕಾಂತದ ಚೂರೊಂದನ್ನು ತೆಗೆದು ಹೊಸ್ತಿಲಿನ ಉದ್ದಕ್ಕೂ ಸವರುತ್ತಾನೆ: ಅದು ಕಚ್ಚಿದೆಡೆ ಉಕ್ಕು, ಜಾರಿದೆಡೆ ಪುಟ್ಟಿ. ಬಳಿಕ ಜಾಕಿಯಿಂದ ಒಂದು ಮಗ್ಗುಲನ್ನು ಎತ್ತಿ ಬಾಗಿಲನ್ನು ತೆರೆದು ಮುಚ್ಚುತ್ತಾನೆ. ಹೊಸ್ತಿಲು ಸೊರಗಿದ್ದಲ್ಲಿ ಕಾರು ನಡುವಿನಲ್ಲಿ ಬಾಗಿ, ಸಂದು ಕಿರಿದಾಗಿ, ಬಾಗಿಲು ಸಿಕ್ಕಿಕೊಳ್ಳುತ್ತದೆ.

ಇದನ್ನು ನೇರ್ಪಡಿಸುವುದೆಂದರೆ, ಮೈ ಕುಸಿಯದಂತೆ ಊರೆಗೊಟ್ಟು, ಕೊಳೆತ ಪದರಗಳನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡನ್ನು ಅಳತೆಗೆ ಕೂಡಿಸಿ ಬೆಸೆಯುವುದು. ನಮ್ಮ ಗ್ಯಾರೇಜುಗಳವರು ಟಿಂಕರಿಂಗ್ ಎಂದು ಹಗುರವಾಗಿ ಕರೆಯುವ ಈ ಕೆಲಸವು ವಾರಗಳ ದುಡಿಮೆಯನ್ನು ನುಂಗಿ, ಕಡೆಗೆ ಬಣ್ಣದಡಿಯಲ್ಲಿ ಅದೃಶ್ಯವಾಗುತ್ತದೆ. ಕೊಳ್ಳುವವನು ಬೆಲೆ ಕಟ್ಟುವುದಾದರೋ ಬಣ್ಣಕ್ಕೆ. ಬೆಸುಗೆಗೆ ಶ್ರಮಿಸಿದವನ ಗಾಡಿಗೂ, ಪುಟ್ಟಿ ಮೆತ್ತಿ ಬಣ್ಣ ಎರಚಿದವನ ಗಾಡಿಗೂ ಒಕ್ಕಣೆ ಒಂದೇ ಆಗಿರುವಾಗ, ಎರಡನೆಯವನಿಗೇ ಲಾಭ ಹೆಚ್ಚೆಂಬುದಕ್ಕೆ ಅರ್ಥಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ನನ್ನ ಆಕ್ಷೇಪವೆಲ್ಲ ಇಲ್ಲಿಯೇ. ಏನು ಉಳಿಯಿತು, ಏನು ಹೋಯಿತು, ಹೋದುದರ ಜಾಗಕ್ಕೆ ಏನು ಬಂತು ಎಂಬ ಲೆಕ್ಕವನ್ನೊಪ್ಪಿಸದವನಿಗೆ ಜೀರ್ಣೋದ್ಧಾರವೆಂಬ ಘನವಾದ ಮಾತನ್ನು ಬಳಸುವ ಅಧಿಕಾರವಿಲ್ಲ.

ಈ ಕಲಹ ಕಾರಿಗಿಂತಲೂ ಹಳೆಯದು. ಎಂ.ಜಿ. ಎಂಬ ಅಕ್ಷರಗಳು ಮಾರಿಸ್ ಗ್ಯಾರೇಜಸ್ ಎಂಬುದರ ಸಂಕ್ಷೇಪ. ಆ ಮಾರಿಸ್ ಎಂದರೆ ಆಕ್ಸ್‌ಫರ್ಡಿನಲ್ಲಿ ಬೈಸಿಕಲ್ ಅಂಗಡಿಯಿಂದ ಮೊದಲುಗೊಂಡು ಮುಂದೆ ಲಾರ್ಡ್ ನಫೀಲ್ಡ್ ಆದ ವಿಲಿಯಂ ಮಾರಿಸ್. ಅದೇ ಹೆಸರಿನ ಇನ್ನೊಬ್ಬ ವಿಲಿಯಂ ಮಾರಿಸ್, ಕವಿಯೂ ಕುಶಲಕಲೆಗಳ ಆಚಾರ್ಯನೂ ಆದವನು, ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರದ ನೆಪದಲ್ಲಿ ಕೆರೆದು ಹೊಸತಾಗಿಸುತ್ತಿದ್ದವರ ಮೇಲೆ ಕೆರಳಿ, ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು 1877ರಲ್ಲಿ ಒಂದು ಸಂಘವನ್ನೇ ಸ್ಥಾಪಿಸಿದನು. ಆತ ಬಾಳಿದ ಕೆಲ್ಮ್‌ಸ್ಕಾಟ್ ಗ್ರಾಮಕ್ಕೆ ಕೆಲವೇ ಮೈಲಿ ದೂರದ ಫ್ಯಾರಿಂಗ್ಡನ್ ಎಂಬಲ್ಲಿ, 1988ರಿಂದ, ಆಬಿಂಗ್ಡನ್ ಕಾರ್ಖಾನೆ ಮುಚ್ಚಿ ಎಂಟು ವರ್ಷ ಕಳೆದ ಮೇಲೆ, ಹಳೆಯ ಅಚ್ಚುಗಳಿಂದಲೇ ಎಂ.ಜಿ.ಬಿ.ಯ ಸಂಪೂರ್ಣ ಹೊಸ ಮೈಗಳನ್ನು ತಯಾರಿಸತೊಡಗಿದರೆಂಬುದು ಇತಿಹಾಸದ ಒಂದು ಚೇಷ್ಟೆಯೇ ಸರಿ. ಕವಿ ಮಾರಿಸನು ಕಂಡಿದ್ದರೆ ಏನೆನ್ನುತ್ತಿದ್ದನೋ! ನಾನಂತೂ ಆತನಷ್ಟು ನಿಷ್ಠುರನಲ್ಲ. ಚರ್ಚು ನಿಂತಲ್ಲಿ ನಿಂತಿರುತ್ತದೆ. ಕಾರು ಮನುಷ್ಯರನ್ನು ಹೊತ್ತು ಓಡತಕ್ಕದ್ದು. ಕೊಳೆತ ಮೈಯನ್ನು ಪೂಜಿಸುವುದಕ್ಕಿಂತ ಹೊಸ ಮೈ ಹಾಕಿಸಿ, ಹಾಕಿಸಿದೆನೆಂದು ಹೇಳುವುದು ಲೇಸು.

ಹಾಗಾದರೆ ಎಲ್ಲವೂ ಬದಲಾದ ಮೇಲೆ ಅದು ಅದೇ ಕಾರೇ ಎಂಬ ಪ್ರಶ್ನೆಯು ತಾರ್ಕಿಕರ ಕಾಲಕ್ಷೇಪವೆಂದು ತೋರಬಹುದು; ಆದರೆ 1990ರಲ್ಲಿ ಅದು ಲಂಡನ್ನಿನ ಹೈಕೋರ್ಟಿನ ಮುಂದೆಯೇ ಬಂದಿತು. 1929 ಮತ್ತು 1930ರ ಲ ಮಾನ್ ಪಂದ್ಯಗಳನ್ನು ಗೆದ್ದಿದ್ದ ‘ಓಲ್ಡ್ ನಂಬರ್ ವನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲೊಪ್ಪಿದ್ದವರು, ಇದು ನಿಜವಾದದ್ದಲ್ಲವೆಂದು ಹಿಂದೆಗೆದರು. ಓಟದ ದಿನಗಳ ಭಾಗಗಳಲ್ಲಿ ಬಹುಮಟ್ಟಿಗೆ ಯಾವುವೂ ಉಳಿದಿರದಿದ್ದರೂ, ಆ ಕಾರಿನ ಬಾಳು ಎಲ್ಲಿಯೂ ಕಡಿಯದೆ ಸಾಗಿಬಂದಿರುವುದರಿಂದ ಅದು ತನ್ನ ಹೆಸರಿಗೆ ಅರ್ಹವೇ ಎಂದು ನ್ಯಾಯಮೂರ್ತಿ ಆಟನ್ ತೀರ್ಪಿತ್ತರು. ಕಾರನ್ನು ಕಾರಾಗಿ ಉಳಿಸುವುದು ತಗಡಲ್ಲ, ಚರಿತ್ರೆ ಎಂದಂತಾಯಿತು. ಚರಿತ್ರೆಯೆಂದ ಮೇಲೆ ದಾಖಲೆಯೂ ಬೇಕಾಯಿತು.

ಆದುದರಿಂದಲೇ ಅಂಗಳದಲ್ಲಿ ನಿಂತ ಆ ಕೆಂಪು ಗಾಡಿಯನ್ನು ಸುತ್ತಿಬರುವ ಮೊದಲು ಕಡತವನ್ನು ಕೇಳುವುದು ಉಚಿತ: ಬೆಸುಗೆಯವನ ರಸೀದಿ, ಬಿಡಿಭಾಗಗಳ ಬಿಲ್ಲು, ಬಣ್ಣ ಬೀಳುವ ಮುಂಚಿನ ಚಿತ್ರಗಳು. ಕತ್ತರಿಸಿ ತೆಗೆದ ಹಳೆಯ ಹೊಸ್ತಿಲಿನ ತುಕ್ಕುಹಿಡಿದ ಚೂರೊಂದನ್ನು ಡಿಕ್ಕಿಯಲ್ಲಿ ಬಟ್ಟೆ ಸುತ್ತಿಟ್ಟು, ಕೇಳುವ ಮೊದಲೇ ತೆಗೆದು ತೋರಿಸುವ ಮಾರಾಟಗಾರನೊಬ್ಬನು ನನಗೆ ಸಿಕ್ಕಿದರೆ, ಬಣ್ಣ ಅಲ್ಲಲ್ಲಿ ಮಂಕಾಗಿದ್ದರೂ, ಆತನೊಡನೆ ಚೌಕಾಸಿಗಿಳಿಯಲು ನನಗೆ ನಾಲಗೆ ಏಳದು.