ಹೆಸರು ಅದೇ ಡಿಜೈರ್, ಗಾಡಿ ಬೇರೆ

ನಮ್ಮ ದೊಡ್ಡಪ್ಪನ ಮಗನ ಹತ್ತಿರ 2013ರ ಡೀಸೆಲ್ ಸ್ವಿಫ್ಟ್ ಡಿಜೈರ್ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು, ಬೇಸ್ ಮಾಡೆಲ್. ಊರಲ್ಲಿ ರಾತ್ರಿ ಯಾರಿಗೆ ಎದೆನೋವು ಬಂದರೂ, ಹೆರಿಗೆ ನೋವು ಕಾಣಿಸಿಕೊಂಡರೂ ಜನ ಮೊದಲು ಬಡಿಯೋದು ಅವನ ಬಾಗಿಲು. ಹಾವೇರಿಯಲ್ಲಿ ಆಗದಿದ್ದರೆ ಹುಬ್ಬಳ್ಳಿ, ಇಲ್ಲ ದಾವಣಗೆರೆ. ಯಾವ ಕಡೆ ಹೋದರೂ ರಾಷ್ಟ್ರೀಯ ಹೆದ್ದಾರಿ 48, ಲಾರಿಗಳ ನಡುವೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಅವತ್ತಿನಿಂದ ಅಣ್ಣನ ತಲೆಯಲ್ಲಿ ಹೊಸ ಡಿಜೈರ್ ಓಡುತ್ತಿದೆ. "ಬ್ಯಾರೆ ಕಾರ್ ಯಾಕ್ ಬೇಕೋ ತಮ್ಮಾ? ಇದು ನಮಗ ಗೊತ್ತಿದ್ದ ಗಾಡಿ. ಅದs ಗಾಡಿ, ಬರೇ ಹೊಸಾದು" ಅಂದ. ನಮ್ಮಿಬ್ಬರ ಜಗಳ ಶುರುವಾಗಿದ್ದು ಇದೇ ಮಾತಿಗೆ.

ಅದೇ ಗಾಡಿ ಅಲ್ಲ. 2008ರಲ್ಲಿ ಮೊದಲ ಸ್ವಿಫ್ಟ್ ಡಿಜೈರ್ ಬಂದಾಗ ಉದ್ದ 4 ಮೀಟರ್ ದಾಟುತ್ತಿತ್ತು. 4 ಮೀಟರ್ ಒಳಗಿದ್ದರೆ ತೆರಿಗೆ ಕಡಿಮೆ ಅಂತ 2012ರ ಮಾಡೆಲ್‌ನಲ್ಲಿ ಹಿಂಭಾಗ ಮೊಟಕು ಮಾಡಿ 3,995 ಮಿಲಿಮೀಟರ್‌ಗೆ ತಂದರು. ಹಿಂದಿನಿಂದ ನೋಡಿದರೆ ಬಾಲ ಕತ್ತರಿಸಿದ ಹಾಗೆ ಕಾಣೋದು ಅದಕ್ಕೇ. 2017ರಲ್ಲಿ ಹೆಸರಿನಿಂದ ಸ್ವಿಫ್ಟ್ ಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಈಗ ಶೋರೂಮಿನಲ್ಲಿ ಇರೋದು 2024ರ ನವೆಂಬರ್‌ನಲ್ಲಿ ಬಂದ ನಾಲ್ಕನೇ ತಲೆಮಾರು. ಇದರಲ್ಲಿ ಡೀಸೆಲ್ ಇಲ್ಲ. ಪೆಟ್ರೋಲ್, ಇಲ್ಲವೆ ಸಿಎನ್‌ಜಿ.

ನಮ್ಮ ಕಡೆ ಡೀಸೆಲ್ ಡಿಜೈರ್ ಇಟ್ಟುಕೊಂಡವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಳೇ 1.3 ಲೀಟರ್ ಡೀಸೆಲ್ ಎಂಜಿನ್ನಿನ ಎಳೆಯುವ ಬಲ, ಅಂದರೆ ಟಾರ್ಕ್, 190 ಎನ್ಎಂ. ಹೊಸ 1.2 ಲೀಟರ್ ಪೆಟ್ರೋಲಿನದು ಸುಮಾರು 112. ಖಾಲಿ ಗಾಡಿಯಲ್ಲಿ ಟೆಸ್ಟ್ ಡ್ರೈವ್ ಮಾಡಿದರೆ ಇದು ಗೊತ್ತೇ ಆಗಲ್ಲ, ಹೊಸದೇ ಚುರುಕು ಅನಿಸುತ್ತದೆ. ಐದು ಜನ ಕೂತು, ಡಿಕ್ಕಿ ತುಂಬ ಮೂಟೆ ಇಟ್ಟು, ಫ್ಲೈಓವರ್ ಹತ್ತುತ್ತಾ ಲಾರಿ ಹಿಂದೆ ಹಾಕುವಾಗ ಗೊತ್ತಾಗುತ್ತದೆ. ಡೀಸೆಲ್‌ನಲ್ಲಿ ನಾಲ್ಕನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತಿದ್ದವರು ಇದರಲ್ಲಿ ಮೂರಕ್ಕೆ ಇಳಿಸಬೇಕು. ಹನ್ನೆರಡು ವರ್ಷದ ಕೈ-ಕಾಲಿನ ರೂಢಿ ಅದು. ಹೆಸರು ಅದೇ ಇದೆ ಅಂತ ರೂಢಿಯ ಮೇಲೆ ಓವರ್‌ಟೇಕ್‌ಗೆ ಹೋದರೆ ಅಪಾಯ. ಟೆಸ್ಟ್ ಡ್ರೈವ್‌ಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಿ ಅಂತ ನಾನು ಹೇಳೋದು ಇದಕ್ಕೇ.

ಸಿಎನ್‌ಜಿ ಆದರೆ ಕಂಪನಿ ಲೆಕ್ಕದಲ್ಲಿ ಕೆಜಿಗೆ 33.73 ಕಿ.ಮೀ., ಮ್ಯಾನುವಲ್ ಪೆಟ್ರೋಲ್ ಲೀಟರಿಗೆ 24.79. ಕೇಳೋಕೆ ಚೆಂದ. ಆದರೆ ಸಿಲಿಂಡರ್ ಡಿಕ್ಕಿಯ ಬಹುಪಾಲು ಜಾಗ ತಿನ್ನುತ್ತದೆ, ಬೇಸ್ ಮಾಡೆಲ್‌ನಲ್ಲಿ ಸಿಎನ್‌ಜಿ ಸಿಗೋದೂ ಇಲ್ಲ. ನಿಮ್ಮ ಊರಿಂದ ಗ್ಯಾಸ್ ಬಂಕ್ ಎಷ್ಟು ದೂರ, ರಾತ್ರಿ ತೆರೆದಿರುತ್ತದೆಯೇ, ಮೊದಲು ಅದನ್ನು ವಿಚಾರಿಸಿ.

ಇಷ್ಟು ಹೇಳಿದ ಮೇಲೆ "ಹಂಗಾರ ಬ್ಯಾಡ ಅಂತೀ?" ಅಂದ ಅಣ್ಣ. ಇಲ್ಲ, ತಗೋ ಅಂತಲೇ ಹೇಳಿದೆ. ಅವನ ಕಾರಣ ತಪ್ಪು, ಆದರೆ ಸರಿಯಾದ ಕಾರಣ ಬೇರೊಂದು ಇದೆ.

ಅವನ 2013ರ ಗಾಡಿಯಲ್ಲಿ ಒಂದೂ ಏರ್‌ಬ್ಯಾಗ್ ಇಲ್ಲ. ಆಗ ಕಾನೂನು ಕೇಳುತ್ತಿರಲಿಲ್ಲ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರಲ್ಲಿ. 2018ರಲ್ಲಿ ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆ ಆಗಿನ ಸ್ವಿಫ್ಟನ್ನು ಗುದ್ದಿಸಿ ನೋಡಿದಾಗ, ಎರಡು ಏರ್‌ಬ್ಯಾಗ್ ಇದ್ದೂ 2 ಸ್ಟಾರ್ ಬಂದಿತ್ತು. 2024ರ ಡಿಜೈರ್‌ಗೆ ಅದೇ ಸಂಸ್ಥೆ ದೊಡ್ಡವರ ಸುರಕ್ಷತೆಯಲ್ಲಿ 5 ಸ್ಟಾರ್ ಕೊಟ್ಟಿದೆ. ಈಗ ಆರು ಏರ್‌ಬ್ಯಾಗ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ, ಐದೂ ಸೀಟಿಗೆ ಭುಜದ ಮೇಲಿಂದ ಬರುವ ಬೆಲ್ಟ್. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಬೇರೆಯವರ ಮನೆ ಹೆಣ್ಣುಮಗಳನ್ನು ಹಿಂದೆ ಮಲಗಿಸಿಕೊಂಡು ಹೆದ್ದಾರಿಗೆ ಇಳಿಯುವವನಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. (ಬೆಲ್ಟ್ ಹಾಕದೆ ಕೂತರೆ ಏರ್‌ಬ್ಯಾಗ್ ಕಾಪಾಡುವುದಿಲ್ಲ. ಜಾತ್ರೆಗೆ ಎಂಟು ಜನ ತುರುಕಿದರೆ ಮೂವರಿಗೆ ಬೆಲ್ಟೇ ಇಲ್ಲ.)

ಅಣ್ಣನ ಜೊತೆ ಒಂದು ಶೋರೂಮಿಗೆ ನಾನೂ ಹೋಗಿದ್ದೆ. ಅಲ್ಲಿನ ಹುಡುಗ ಅರ್ಧ ಗಂಟೆ ಸನ್‌ರೂಫ್ ತೆಗೆದು ಮುಚ್ಚಿ ತೋರಿಸಿದ. ಅದಿರೋದು ಟಾಪ್ ಎಂಡ್‌ನಲ್ಲಿ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಸನ್‌ರೂಫ್ ಯಾಕೆ ಬೇಕೋ ನನಗಂತೂ ತಿಳಿಯದು. ನಾನು ಕೇಳಿದ್ದು ಒಂದೇ: ಬೇಸ್ ಮಾಡೆಲ್‌ನಲ್ಲಿ ಎಷ್ಟು ಏರ್‌ಬ್ಯಾಗ್? ಆರು. ಟಾಪ್ ಎಂಡ್‌ನಲ್ಲಿ? ಆರೇ. ಇಎಸ್‌ಪಿ? ಎರಡರಲ್ಲೂ ಇದೆ. ಎರಡರ ನಡುವಿನ ಅಂತರ ಎರಡು ಲಕ್ಷದ ಮೇಲೆ. ಆ ಎರಡು ಲಕ್ಷ ಹೋಗೋದು ಸ್ಕ್ರೀನಿಗೆ, ಅಲಾಯ್ ವೀಲಿಗೆ, ಆ ಕಿಂಡಿಗೆ. ಜೀವ ಉಳಿಸುವ ಸಾಮಾನು ಕೆಳಗಿನ ಮಾಡೆಲ್‌ನಲ್ಲೇ ಸಿಗುವಾಗ ಸಾಲ ಹೆಚ್ಚು ಮಾಡಿಕೊಂಡು ಮೇಲಕ್ಕೆ ಹೋಗೋದನ್ನು ನಾನು ಒಪ್ಪಲ್ಲ.

ಸಾಲದ ಲೆಕ್ಕ ಹೀಗಿದೆ. 5 ಲಕ್ಷ, ಶೇ 10 ಬಡ್ಡಿ, 5 ವರ್ಷ ಅಂದರೆ ತಿಂಗಳ ಕಂತು ಸುಮಾರು 10,600. ಬಡ್ಡಿಯೇ 1 ಲಕ್ಷ 37 ಸಾವಿರ. ಸಂಬಳದವರಿಗೆ ತಿಂಗಳಿಗೊಮ್ಮೆ ದುಡ್ಡು ಬರುತ್ತದೆ. ಅಣ್ಣನಿಗೆ ಬರೋದು ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೋದಾಗ, ವರ್ಷಕ್ಕೊಮ್ಮೆ, ಅದೂ ರೇಟು ಸಿಕ್ಕರೆ. ಹನ್ನೆರಡು ಕಂತಿನ ದುಡ್ಡು ಫಸಲು ಬಂದಾಗಲೇ ತೆಗೆದಿಡಬೇಕು. ಎಕ್ಸ್‌ಶೋರೂಮ್ ರೇಟು ಕೇಳಿ ಹಿಗ್ಗುವಂತೆಯೂ ಇಲ್ಲ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ 14 ಆಜೀವ ತೆರಿಗೆ, ಅದರ ಮೇಲೆ ಸೆಸ್, ಆಮೇಲೆ ಇನ್ಶೂರೆನ್ಸ್.

ಹಳೇದನ್ನು ಅವಸರದಲ್ಲಿ ಕೊಡಬೇಡಿ. ಹತ್ತು ವರ್ಷದ ಡೀಸೆಲ್ ಗಾಡಿಯನ್ನು ಸರ್ಕಾರ ಜಪ್ತಿ ಮಾಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ನೋಂದಣಿ 15 ವರ್ಷ, ಆಮೇಲೆ ಆರ್‌ಟಿಒದಲ್ಲಿ ಪರೀಕ್ಷೆ ಮಾಡಿಸಿ ನವೀಕರಿಸಬಹುದು. ಹೊಸ ಡೀಸೆಲ್ ಡಿಜೈರ್ ಸಿಗುವುದಿಲ್ಲವಾದ್ದರಿಂದಲೇ ಚೆನ್ನಾಗಿಟ್ಟ ಹಳೇದನ್ನು ಕೇಳುವವರಿದ್ದಾರೆ. ಶೋರೂಮಿನ ಎಕ್ಸ್‌ಚೇಂಜ್ ರೇಟು ಒಪ್ಪುವ ಮೊದಲು ಹೊರಗೆ ಇಬ್ಬರಿಗೆ ತೋರಿಸಿ. ಯಾರಿಗೇ ಕೊಟ್ಟರೂ ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬಿಡಬೇಡಿ, ನಾಳೆ ಅವರು ಎಲ್ಲಾದರೂ ಗುದ್ದಿದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ.

ಅಣ್ಣ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಮೆಣಸಿನಕಾಯಿ ಮಾರಿದ ಮೇಲೆ ನೋಡೋಣ ಅಂದಿದ್ದಾನೆ. ಅತ್ತಿಗೆ ಮಾತ್ರ ಈಗಲೇ ಒಂದು ಷರತ್ತು ಹಾಕಿದ್ದಾಳೆ: ಹೊಸ ಗಾಡಿ ಬರೋತನಕ ಹುಬ್ಬಳ್ಳಿ ಕಡೆ ರಾತ್ರಿ ಹೋದರೆ ಜೊತೆಗೆ ಇನ್ನೊಬ್ಬ ಡ್ರೈವಿಂಗ್ ಬರೋನು ಇರಬೇಕು. ಸದ್ಯ ಆ ಇನ್ನೊಬ್ಬ ನಾನೇ.