ಅಮೃತಬಳ್ಳಿಯೋ, ಅದರ ದಾಯಾದಿಯೋ? ಎಲೆಯ ಫೋಟೊ ನೋಡಿ ಕಷಾಯಕ್ಕಿಡಬೇಡಿ

ಮರಕ್ಕೆ ಹಬ್ಬಿದ ಬಳ್ಳಿಯ ಫೋಟೊ, ಹೃದಯದಾಕಾರದ ಹಸಿರು ಎಲೆ, ಕೆಳಗೆ "ಇದು ನಿಮ್ಮ ಮನೆ ಹತ್ತಿರ ಇದ್ದರೆ ದಿನಾ ಕಷಾಯ ಮಾಡಿ ಕುಡಿಯಿರಿ" ಎಂಬ ಸಾಲು. ಅಮೃತಬಳ್ಳಿಯ ಬಗ್ಗೆ ಇಂಥ ಸಂದೇಶಗಳು ಕೋವಿಡ್ ಸಮಯದಲ್ಲಿ ವಾಟ್ಸಾಪ್ ತುಂಬ ಹರಿದಾಡಿದವು. ಈಗಲೂ ಆಗಾಗ ಬರುತ್ತಲೇ ಇರುತ್ತವೆ. ಆಯುರ್ವೇದದಲ್ಲಿ ಗುಡೂಚಿ, ಹಿಂದಿಯಲ್ಲಿ ಗಿಲೋಯ್ ಎನ್ನುವ ಈ ಬಳ್ಳಿಯ ಔಷಧ ಬಳಕೆ ಬಹಳ ಹಳೆಯದು. ಆದರೆ ನಿಮ್ಮ ಬೇಲಿಯ ಮೇಲಿರುವುದು ನಿಜವಾಗಿಯೂ ಅದೇ ಬಳ್ಳಿಯೇ? ಈ ಪ್ರಶ್ನೆಗೆ ಆ ಸಂದೇಶಗಳಲ್ಲಿ ಉತ್ತರ ಇರುವುದಿಲ್ಲ.

ಈ ಪ್ರಶ್ನೆ ಯಾಕೆ ಮುಖ್ಯ?

2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈನಲ್ಲಿ ಯಕೃತ್ತಿಗೆ (ಲಿವರ್) ಹಾನಿಯಾಗಿ ಬಂದ 6 ರೋಗಿಗಳು ಗಿಲೋಯ್ ಸೇವಿಸಿದ್ದರು ಎಂದು ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ಪ್ರಕರಣಗಳ ವರದಿ ಪ್ರಕಟಿಸಿದರು. ಕೇಂದ್ರದ ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂಬುದು ಅದರ ವಾದ. 2022ರ ಫೆಬ್ರುವರಿಯಲ್ಲಿ ಸಚಿವಾಲಯ ಎರಡು ಬಳ್ಳಿಗಳ ವ್ಯತ್ಯಾಸಗಳ ಪಟ್ಟಿಯನ್ನೇ ಹೊರಡಿಸಿತು.

ಹೋಲುವ ಬಳ್ಳಿಗಳು ಯಾವುವು?

ಅಮೃತಬಳ್ಳಿಯ ವೈಜ್ಞಾನಿಕ ಹೆಸರು ಟಿನೊಸ್ಪೊರಾ ಕಾರ್ಡಿಫೋಲಿಯಾ. ಲ್ಯಾಟಿನ್‌ನಲ್ಲಿ ಕಾರ್ಡಿಫೋಲಿಯಾ ಎಂದರೆ ಹೃದಯದಾಕಾರದ ಎಲೆಯುಳ್ಳದ್ದು. ತೊಡಕು ಇರುವುದೂ ಇಲ್ಲೇ. ಅದೇ ಕುಲದ ಟಿನೊಸ್ಪೊರಾ ಕ್ರಿಸ್ಪಾ, ಟಿನೊಸ್ಪೊರಾ ಸೈನೆನ್ಸಿಸ್ ಬಳ್ಳಿಗಳ ಎಲೆಯೂ ಹೃದಯದಾಕಾರದ್ದೇ. ಕ್ರಿಸ್ಪಾ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳು ಬೇರೆ ದೇಶಗಳಿಂದಲೂ ಬಂದಿವೆ.

ಹಾಗಾದರೆ ಏನನ್ನು ನೋಡಬೇಕು?

ಕಾಂಡ: ಅಮೃತಬಳ್ಳಿಯ ಕಾಂಡ ಹಸಿರು ಛಾಯೆಯದ್ದು. ಬಲಿತ ಕಾಂಡದ ಮೇಲಿನ ತೆಳು ಸಿಪ್ಪೆ ಕಾಗದದಂತೆ ಸುಲಿದು ಬರುತ್ತದೆ. ಕ್ರಿಸ್ಪಾ ಕಾಂಡ ಬೂದು ಬಣ್ಣದ್ದು, ಮೈತುಂಬ ನರಹುಲಿಯಂಥ ಉಬ್ಬುಗಳಿರುತ್ತವೆ.

ಸೊನೆ: ಆಯುಷ್ ಪಟ್ಟಿಯ ಪ್ರಕಾರ ಕ್ರಿಸ್ಪಾ ಕಾಂಡದಿಂದ ಹಾಲಿನಂಥ ಸೊನೆ ಬರುತ್ತದೆ, ಅಮೃತಬಳ್ಳಿಯಲ್ಲಿ ಬರುವುದಿಲ್ಲ.

ಎಲೆ: ಆಕಾರಕ್ಕಿಂತ ಎಲೆಯ ಹಿಂಬದಿ ನೋಡಿ. ಅಮೃತಬಳ್ಳಿಯ ಎಲೆ ಎರಡೂ ಕಡೆ ನುಣುಪು. ಸೈನೆನ್ಸಿಸ್ ಎಲೆಯ ಹಿಂಬದಿಯಲ್ಲಿ ನವಿರಾದ ರೋಮ ಇರುತ್ತದೆ.

ಹೂವು, ಹಣ್ಣು: ಅದೇ ಪಟ್ಟಿಯಂತೆ ಅಮೃತಬಳ್ಳಿಯ ಹೂವಿಗೆ 6 ಎಸಳು, ಕ್ರಿಸ್ಪಾ ಹೂವಿಗೆ 3. ಅಮೃತಬಳ್ಳಿಯ ಹಣ್ಣು ಗೋಲಿಯಂತೆ ದುಂಡಗೆ, ಕೆಂಪಗೆ ಇರುತ್ತದೆ. ಕ್ರಿಸ್ಪಾ ಹಣ್ಣು ಉದ್ದುರುಟು, ಕಿತ್ತಳೆ ಬಣ್ಣ. ಒಂದು ತೊಂದರೆ ಎಂದರೆ ಈ ಬಳ್ಳಿಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಗಂಡು ಬಳ್ಳಿ ಎಷ್ಟು ವರ್ಷ ಕಾದರೂ ಹಣ್ಣು ಬಿಡದು.

ಆದ್ದರಿಂದ ಯಾವುದೇ ಒಂದು ಲಕ್ಷಣ ಹಿಡಿದು ತೀರ್ಮಾನಿಸಬೇಡಿ. ಅಮೃತಬಳ್ಳಿಯ ಹಳೆಯ ಕಾಂಡದ ಮೇಲೂ ಸಣ್ಣ ಚುಕ್ಕೆಗಳು ಉಬ್ಬಿಕೊಂಡಿರುತ್ತವೆ, ನೋಡಿ ಅಭ್ಯಾಸವಿಲ್ಲದವರಿಗೆ ಗೊಂದಲವಾಗುತ್ತದೆ. ನಾಲ್ಕೈದು ಲಕ್ಷಣಗಳು ಒಟ್ಟಿಗೆ ಹೊಂದಬೇಕು.

"ಕಹಿ ಇದ್ದರೆ ಅಮೃತಬಳ್ಳಿಯೇ" ನಿಜವೇ?

ಅಲ್ಲ. ಕ್ರಿಸ್ಪಾ ಕೂಡ ಕಡುಕಹಿ. "ಕಾಂಡ ಅಡ್ಡ ಕತ್ತರಿಸಿದರೆ ಚಕ್ರ ಕಾಣಬೇಕು" ಎಂಬ ಪರೀಕ್ಷೆಯೂ ಸಾಲದು. ಇದೇ ಕುಟುಂಬದ ಹಲವು ಬಳ್ಳಿಗಳಲ್ಲಿ ಗಾಡಿ ಚಕ್ರದ ಕೀಲುಗಳಂಥ ಆ ವಿನ್ಯಾಸ ಕಾಣುತ್ತದೆ. ಗಿಡ ಗುರುತಿಸುವ ಮೊಬೈಲ್ ಆ್ಯಪ್‌ಗೆ ಒಂದು ಎಲೆಯ ಫೋಟೊ ಕೊಟ್ಟರೆ ಅದಕ್ಕೂ ಕಾಣುವುದು ಆ ಎಲೆ ಮಾತ್ರ. ಇನ್ನು ಒಣಗಿಸಿ ಪುಡಿ ಮಾಡಿದ ಮೇಲೆ ಕಣ್ಣಳತೆಯಲ್ಲಿ ಗುರುತಿಸುವ ದಾರಿಯೇ ಉಳಿಯುವುದಿಲ್ಲ.

ಸರಿಯಾದ ಬಳ್ಳಿ ಎಂದು ಖಚಿತವಾದರೆ ಸಾಕೇ?

ಗುರುತು ಹಿಡಿಯುವುದು ಮೊದಲ ಹೆಜ್ಜೆ ಅಷ್ಟೆ. 43 ಪ್ರಕರಣಗಳನ್ನು ದಾಖಲಿಸಿದ ವೈದ್ಯರು ದೋಷವನ್ನು ಹೋಲುವ ಬಳ್ಳಿಯ ಮೇಲೆ ಹಾಕಿಲ್ಲ, ಗಿಲೋಯ್ ಹೆಸರನ್ನೇ ಹೇಳಿದ್ದಾರೆ. ಒಳಗೊಳಗೇ ಇದ್ದ ಆಟೋಇಮ್ಯೂನ್ ಕಾಯಿಲೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬೀಳುವ ಸ್ಥಿತಿ, ಇದರಿಂದ ಹೊರಬೀಳಬಹುದು ಎಂಬುದು ಅವರ ಎಚ್ಚರಿಕೆ. ಯಾರ ವಾದ ಸರಿ ಎಂಬ ಚರ್ಚೆ ಏನೇ ಇರಲಿ, ಮನೆಯಲ್ಲಿ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಯಕೃತ್ತು, ಥೈರಾಯ್ಡ್ ಅಥವಾ ಆಟೋಇಮ್ಯೂನ್ ಸಮಸ್ಯೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಕಷಾಯ ಶುರು ಮಾಡಬಾರದು.

ಈಗಾಗಲೇ ಕುಡಿಯುತ್ತಿದ್ದು, ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಹಸಿವು ಸತ್ತು ವಾಕರಿಕೆ ಬಂದರೆ ಕೂಡಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಏನು ಕುಡಿದಿರಿ, ಎಷ್ಟು ದಿನ ಕುಡಿದಿರಿ ಎಂದು ಮುಚ್ಚಿಡದೆ ಹೇಳಿ. ಆ ಬಳ್ಳಿಯ ಒಂದು ತುಂಡು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಫಾರ್ವರ್ಡ್ ಮಾಡುವ ಮೊದಲು

ನಿಮ್ಮ ಅಂಗಳದ ಬಳ್ಳಿಯ ಬಗ್ಗೆ ಅನುಮಾನವಿದ್ದರೆ ಬಲಿತ ಕಾಂಡ, ಎಲೆಯ ಎರಡೂ ಬದಿ, ಹೂವು ಅಥವಾ ಹಣ್ಣಿನ ಗೊಂಚಲು ಇವುಗಳ ಫೋಟೊ ತೆಗೆದುಕೊಂಡು, ಒಂದು ತುಂಡು ಬಳ್ಳಿಯೊಂದಿಗೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲೋ ನೋಂದಾಯಿತ ಆಯುರ್ವೇದ ವೈದ್ಯರಲ್ಲೋ ತೋರಿಸಿ. ಬರೀ ಎಲೆಯ ಚಿತ್ರವಿರುವ ಮದ್ದಿನ ಸಂದೇಶ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಕಾಂಡದ ಫೋಟೊ ಇದೆಯಾ?"